ಚಿಕಿತ್ಸೆಯಲ್ಲಿ ಆಟದ ಸ್ಥಾನ

ಅಮೆರಿಕಾ ದೇಶದ ವಿದುಷಿ ಎ. ಜೀನ್ ಏರ್ಸ್ (1920–1988) ಅವರು 1979ರಲ್ಲಿ ಪ್ರಕಟಿಸಿದ ‘ಸೆನ್ಸರಿ ಇಂಟಿಗ್ರೇಷನ್ ಅಂಡ್ ದಿ ಚೈಲ್ಡ್’ ಎಂಬ ಗ್ರಂಥವು ಮುಖ್ಯವಾಗಿ ತಾಯಿತಂದೆಗಳಿಗಾಗಿ ಬರೆದುದು. ಸ್ಪರ್ಶ, ದೇಹದ ಸಮತೋಲ, ಸ್ನಾಯುಸಂಧಿಗಳ ಅರಿವು ಇವು ಮಿದುಳಿನಲ್ಲಿ ಸರಿಯಾಗಿ ಹೊಂದಿಕೊಳ್ಳದಿದ್ದರೆ ಮಗುವಿನ ನಡೆಯೂ ಕಲಿಕೆಯೂ ತೊಡಕಾಗುವುವೆಂಬುದು ಅದರ ಪ್ರತಿಪಾದನೆ. ತೂಗುಯ್ಯಾಲೆ, ಬೋರಲಾಗಿ ಮಲಗಿ ಜಾರುವ ಗಾಲಿಹಲಗೆ ಮೊದಲಾದುವು ಈ ಚಿಕಿತ್ಸೆಯ ಸಾಧನಗಳು.

ಕಹಿಮದ್ದಿಗೆ ಬೆಲ್ಲ ಬೆರೆಸುವಂತೆ ಆಟವನ್ನು ಬಳಸುವವರುಂಟು. ಏರ್ಸ್ ಅವರು ಆಟವನ್ನೇ ಮದ್ದೆಂದು ಎಣಿಸಿದರು. ಉಯ್ಯಾಲೆಯಲ್ಲಿ ಕುಳ್ಳಿರಿಸಿ ತೂಗಿದ ಮಾತ್ರಕ್ಕೆ ಫಲವಿಲ್ಲ. ಬೀಳದಂತೆ ಮಗುವು ತಾನೇ ಮೈಯನ್ನು ತಿದ್ದಿಕೊಳ್ಳಬೇಕು, ಆ ಯತ್ನವು ಅದರ ಇಚ್ಛೆಯಿಂದಲೇ ಹುಟ್ಟಬೇಕು. ಅತಿ ಸುಲಭವೂ ಅತಿ ಕಠಿನವೂ ಅಲ್ಲದ ಸನ್ನಿವೇಶವನ್ನು ಒದಗಿಸುವುದಷ್ಟೆ ಚಿಕಿತ್ಸಕರ ಕೆಲಸ. ಆಜ್ಞೆಯಿಂದ ಆಡಿಸಿದರೆ ಅದು ಕವಾಯತಾದೀತು. ಗ್ರಂಥದ ಹಿರಿಮೆಯು ಈ ವಿವೇಕದಲ್ಲಿದೆ.

ಆದರೆ ಮಿದುಳಿನೊಳಗಣ ವ್ಯಾಪಾರವನ್ನು ವಿವರಿಸುವೆಡೆಯಲ್ಲಿ ಗ್ರಂಥದ ಧೈರ್ಯವು ಪ್ರಮಾಣವನ್ನು ಮೀರುತ್ತದೆ. ಹೊರಗೆ ಕಂಡ ಚಲನೆಯಿಂದ ಒಳಗಿನ ಕಾರಣವನ್ನು ಊಹಿಸಿ, ಆ ಊಹೆಯನ್ನೇ ಸಿದ್ಧಾಂತವಾಗಿ ನಿಲ್ಲಿಸುತ್ತದೆ. ಈ ಚಿಕಿತ್ಸೆಯ ಫಲವನ್ನು ಕುರಿತ ಸಂಶೋಧನೆಯು ಪರಿಮಿತವೂ ಅನಿರ್ಣೀತವೂ ಆಗಿದೆಯೆಂಬುದನ್ನು ತಾಯಿತಂದೆಗಳಿಗೆ ತಿಳಿಸತಕ್ಕುದೆಂದು 2012ರಲ್ಲಿ ಅಮೆರಿಕಾದ ಮಕ್ಕಳ ವೈದ್ಯರ ಅಕಾಡೆಮಿಯು ಸೂಚಿಸಿತು. ಆಸೆ ಹೊತ್ತು ಬಂದ ತಾಯಿಗೆ ಈ ಮಿತಿಯನ್ನು ಮರೆಮಾಚುವುದು ನ್ಯಾಯವಲ್ಲ. ಗ್ರಂಥದ ಶಾರೀರವಿವರಣೆಯನ್ನು ಪರೀಕ್ಷಿಸಿಯೇ ಒಪ್ಪಬೇಕು. ಅದರ ಆಟದ ವಿಚಾರವನ್ನು ಶಿಕ್ಷಕರೆಲ್ಲರೂ ಓದಬೇಕು.