ಡಿವಿಜಿ: ಯಾರ ಜೀವನ, ಯಾರ ಸೌಂದರ್ಯ?

ನಮ್ಮ ಸಖರಾಯಪಟ್ಟಣದ ಕಡೆ ಮೇಷ್ಟ್ರುಗಳ ಬಾಯಲ್ಲಿ ಕಗ್ಗ ಸಲೀಸಾಗಿ ಬರುತ್ತದೆ. ಬೀಳ್ಕೊಡುಗೆ ಸಭೆಯೇ ಇರಲಿ, ತಿಥಿ ಊಟವೇ ಇರಲಿ, ಮಂಕುತಿಮ್ಮ ಹಾಜರು. ಆದರೆ ಅದನ್ನು ಬರೆದ ಡಿ.ವಿ. ಗುಂಡಪ್ಪನವರು ವಿಮರ್ಶಕರಾಗಿ ಏನು ಹೇಳಿದರು ಅಂತ ಕೇಳಿ ನೋಡಿ. ಪೂಜೆ ಮಾಡುವವರೂ ಓದಿಲ್ಲ, ಪುರೋಹಿತಶಾಹಿ ಎಂದು ಮೂಲೆಗೆ ತಳ್ಳುವವರೂ ಓದಿಲ್ಲ.

ಮೊದಲು ಮನುಷ್ಯನನ್ನು ನೋಡೋಣ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿವಿಜಿ ಮೆಟ್ರಿಕ್ ಕೂಡ ಪಾಸಾಗಲಿಲ್ಲ. ಪತ್ರಿಕೆಗಳಲ್ಲಿ ದುಡಿಯುತ್ತ, ಸ್ವಂತ ಓದಿನಿಂದಲೇ ಸಂಸ್ಕೃತ, ಇಂಗ್ಲಿಷ್ ಎರಡನ್ನೂ ದಕ್ಕಿಸಿಕೊಂಡರು. ಪದವಿಯಿಲ್ಲದ ಇದೇ ಮನುಷ್ಯ 1932ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. 1970ರಲ್ಲಿ ಸನ್ಮಾನ ಮಾಡಿ ಜನ ಕೊಟ್ಟ ಒಂದು ಲಕ್ಷ ರೂಪಾಯಿಯನ್ನು ಆ ಸಂಸ್ಥೆಗೇ ಕೊಟ್ಟುಬಿಟ್ಟರು. 1975ರಲ್ಲಿ ತೀರಿಕೊಂಡರು. ಮಂತ್ರಿಗಳ ಬಾಗಿಲು ಕಾಯುವ ಸಾಹಿತಿಗಳು ಈ ಬದುಕಿನಿಂದ ಕಲಿಯಬೇಕಾದ್ದು ಬೇಕಾದಷ್ಟಿದೆ.

ಬದುಕು ದೊಡ್ಡದು ಅಂತ ವಿಚಾರವನ್ನೂ ಕಣ್ಣು ಮುಚ್ಚಿ ಒಪ್ಪಬೇಕೇನು? ಡಿವಿಜಿ ರಾಜಕೀಯದಲ್ಲಿ ಗೋಖಲೆ ಪಂಥದ ಉದಾರವಾದಿ. ಸಂಸ್ಕೃತಿಯ ಮಾತು ಬಂದರೆ ಸಂಪ್ರದಾಯದ ಕಾವಲುಗಾರ. ‘ಜೀವನ ಸೌಂದರ್ಯ ಮತ್ತು ಸಾಹಿತ್ಯ’ದಲ್ಲಿ ಸಾಹಿತ್ಯವು ಮನಸ್ಸನ್ನು ಹದಮಾಡಿ ಬಾಳಿನ ಚೆಲುವನ್ನು ಕಾಣಿಸಬೇಕು ಅನ್ನುತ್ತಾರೆ. ಯಾರ ಬಾಳು? ನಮ್ಮ ತಕರಾರು ಇಲ್ಲಿಂದ ಶುರು.

ಉದಾಹರಣೆ ಹತ್ತಿರದಲ್ಲೇ ಇದೆ. ಇಲ್ಲಿಂದ ಚಿಕ್ಕಮಗಳೂರು ದಾಟಿದರೆ ಬೇಲೂರು. ಅಲ್ಲಿನ ಮದನಿಕೆಯರನ್ನು ಚೆನ್ನಿಗರಾಯನ ಅಂತಃಪುರದ ಹೆಣ್ಣುಗಳೆಂದು ಭಾವಿಸಿ ಡಿವಿಜಿ ‘ಅಂತಃಪುರಗೀತೆ’ ಬರೆದರು. ಕೇಳೋಕೆ ಸೊಗಸು, ಸುಳ್ಳಲ್ಲ. ಆದರೆ ಆ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಉಳಿ ಹಿಡಿದವರ ಗುರುತು ಕಲ್ಲಿನ ಮೇಲಿದೆ. ದಲಿತರಿಗೆ ಆ ಗುಡಿಯೊಳಕ್ಕೆ ವರ್ಷದಲ್ಲಿ ಗೊತ್ತಾದ ದಿನ ಮಾತ್ರ ಪ್ರವೇಶವಿದ್ದದ್ದೂ ಚರಿತ್ರೆಯಲ್ಲಿದೆ. ಚೆಲುವನ್ನು ಯಾರು ಮಾಡಿದರು, ಯಾರನ್ನು ಅದರಿಂದ ದೂರ ಇಟ್ಟರು ಎಂಬ ಲೆಕ್ಕ ಈ ಸೌಂದರ್ಯ ವಿಚಾರಕ್ಕೆ ಬೇಕಾಗುವುದೇ ಇಲ್ಲ.

ಡಿವಿಜಿ ಸಾಮಾನ್ಯರ ಬಗ್ಗೆ ಬರೆದಿಲ್ಲವೇ ಅಂತ ಕೇಳಬಹುದು. ಬರೆದಿದ್ದಾರೆ. ‘ಜ್ಞಾಪಕ ಚಿತ್ರಶಾಲೆ’ಯ ‘ಹೃದಯಸಂಪನ್ನರು’ ಸಂಪುಟವನ್ನು ಓದಲೇಬೇಕು. ಅಲ್ಲಿ ಪ್ರೀತಿಯಿದೆ, ತಿಳಿಹಾಸ್ಯವಿದೆ. ಆದರೆ ಅಲ್ಲಿ ಕಾಣುವುದು ಒಬ್ಬೊಬ್ಬರ ಒಳ್ಳೇತನ. ಒಳ್ಳೆಯವರು ಒಳ್ಳೆಯವರಾಗಿದ್ದುಕೊಂಡೇ ನಡೆಸಿಕೊಂಡು ಬಂದ ಜಾತಿಪದ್ಧತಿ ಪ್ರಶ್ನೆಯಾಗುವುದಿಲ್ಲ. ಒಳ್ಳೆಯ ಸಂಪ್ರದಾಯವಾದಿಯ ತೊಡಕು ಇದು: ಮನುಷ್ಯರನ್ನು ಪ್ರೀತಿಸುತ್ತಾನೆ, ಅವರು ನಿಂತ ಜಾಗವನ್ನು ಕದಲಿಸುವುದಿಲ್ಲ.

ಹಾಗಂತ ಪುಸ್ತಕ ಮುಚ್ಚಿಡಬೇಡಿ. ನಮ್ಮ ವಿದ್ಯಾರ್ಥಿಗಳು ಡಿವಿಜಿಯನ್ನು ಓದಲಿ, ಅಷ್ಟು ತಿಳಿಯಾದ ಗದ್ಯ ಬರೆಯೋದು ಹೇಗೆ ಅಂತ ಕಲಿಯಲಿ, ಆಮೇಲೆ ಜಗಳ ಆಡಲಿ. ಮೆಟ್ರಿಕ್ ಫೇಲಾದವನಿಗೂ ಸಾಹಿತ್ಯದ ಬಗ್ಗೆ ತೀರ್ಪು ಹೇಳುವ ಹಕ್ಕಿದೆ ಎಂದು ಬದುಕಿ ತೋರಿಸಿದವರು ಅವರೇ. ಆ ಹಕ್ಕು ಹಟ್ಟಿಯ ಹುಡುಗ ಹುಡುಗಿಯರಿಗೂ ಇದೆ.