ಮೂಗು ಕಂಡಿತು, ಕೈ ಕಾಣಲಿಲ್ಲ

ಶಸ್ತ್ರಚಿಕಿತ್ಸೆಯ ಹಳೆಯ ಚಿತ್ರಗಳಲ್ಲಿ ಕರ್ನಾಟಕದ ಚರಿತ್ರೆಗೆ ನೇರ ನಂಟುಳ್ಳದ್ದು ಕಾವಸ್‌ಜಿ ಎಂಬ ಮರಾಠ ಎತ್ತುಗಾರನ ಭಾವಚಿತ್ರ. ಅದರ ಮುದ್ರಿತ ಪ್ರತಿ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ. ಮೂರನೇ ಮೈಸೂರು ಯುದ್ಧದ ಕೊನೆಗೆ, 1792ರಲ್ಲಿ, ಇಂಗ್ಲಿಷರ ದಂಡಿನ ಎತ್ತು ಹೊಡೆಯುತ್ತಿದ್ದ ಈತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದರು. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಮೇಲೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕೂರಿಸಿದ. 1794ರ ಜನವರಿಯಲ್ಲಿ ಜೇಮ್ಸ್ ವೇಲ್ಸ್ ಎಂಬ ಕಲಾವಿದ ಆ ಮುಖವನ್ನು ಚಿತ್ರಿಸಿದ. ಅದರ ಕೆತ್ತನೆ ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಝೀನ್' ಪತ್ರಿಕೆಯಲ್ಲಿ ಅಚ್ಚಾಯಿತು.

ಮೂಗು ಕೊಯ್ಯುವುದು ಆ ಕಾಲಕ್ಕೆ ಹೊಸತೇನಲ್ಲ. 17ನೇ ಶತಮಾನದ ಮೈಸೂರು–ಮಧುರೆ ಕಾಳಗದಲ್ಲಿ ಮೈಸೂರಿನ ದಂಡು ಶತ್ರುಗಳ ಮೂಗು ಕೊಯ್ದದ್ದನ್ನು ಜೆಸ್ಯೂಟ್ ಪಾದ್ರಿಗಳ ಪತ್ರಗಳು ಹೇಳುತ್ತವೆ. ಮೂಗು ಕಟ್ಟುವ ಕಸಬು ಮನೆತನಗಳಲ್ಲಿ ಉಳಿದುಬಂದದ್ದಕ್ಕೆ ಈ ಕ್ರೌರ್ಯವೂ ಒಂದು ಕಾರಣವಾಗಿರಬೇಕು.

ಪತ್ರಿಕೆಯ ಚಿತ್ರಕ್ಕೆ ಜೊತೆಯಾದ ವಿವರಣೆ ಅಚ್ಚುಕಟ್ಟಾಗಿದೆ. ತೆಳು ಮೇಣದ ಹಾಳೆಯನ್ನು ಮೂಗಿನ ಮೋಟಿಗೆ ಹೊಂದಿಸಿ, ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆಯುತ್ತಾರೆ. ಗೆರೆಯುದ್ದಕ್ಕೂ ಚರ್ಮ ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಹಾಗೇ ಬಿಡುತ್ತಾರೆ. ಹೊಸ ಮೂಗಿಗೆ ರಕ್ತ ಹರಿಯುವುದು ಅದರ ಮೂಲಕವೇ. ಬಿಡಿಸಿದ ಚರ್ಮವನ್ನು ತಿರುಗಿಸಿ ಕೆಳಗಿಳಿಸಿ ಕೂರಿಸಿ, ನೀರಲ್ಲಿ ಮೆದುವಾದ ಕಾಚು ಸವರಿದ ಬಟ್ಟೆ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ನಾಲ್ಕು ದಿನ ಮುಟ್ಟುವಂತಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೇ ದಿನ ನಡುವಿನ ಪಟ್ಟಿ ಕತ್ತರಿಸುತ್ತಾರೆ. ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಅಳತೆಗೆ ಎಲೆ, ಚರ್ಮಕ್ಕೆ ಕೆನ್ನೆ. ಇಲ್ಲಿ ಮೇಣ ಮತ್ತು ಹಣೆ. ಪುಣೆಯ ಕುಶಲಿ ಪಠ್ಯವನ್ನು ಒಪ್ಪಿಸಿದವನಲ್ಲ, ಕೈಯಿಂದ ಕೈಗೆ ಬೆಳೆದ ವಿದ್ಯೆಯನ್ನು ಬಲ್ಲವನು.

ಆದರೆ ಆ ಕೈ ಚಿತ್ರದಲ್ಲಿಲ್ಲ. ರೋಗಿಯ ಹೆಸರು ಉಳಿಯಿತು, ಚಿತ್ರಕಾರನದೂ ಉಳಿಯಿತು. ಈ ಚಿಕಿತ್ಸೆ ಕಣ್ಣಾರೆ ಕಂಡ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾದ ಥಾಮಸ್ ಕ್ರೂಸೊ, ಜೇಮ್ಸ್ ಫಿಂಡ್ಲೆಯರ ಹೆಸರೂ ದಾಖಲಾಯಿತು. ಮೂಗು ಕಟ್ಟಿದವನದು ಜಾತಿಯ ಗುರುತು ಮಾತ್ರ. ಇದು ಆ ಚಿತ್ರದ ದೊಡ್ಡ ಅನ್ಯಾಯ.

ಎಲ್ಲ ಪರಂಪರೆಗಳೂ ಹೀಗಿರಲಿಲ್ಲ. ಅನಟೋಲಿಯಾದ ವೈದ್ಯ ಷರಫುದ್ದೀನ್ ಸಬುಂಜುಓಗ್ಲು 1465ರ ತನ್ನ ಗ್ರಂಥದಲ್ಲಿ ವೈದ್ಯನನ್ನೂ ರೋಗಿಯನ್ನೂ ಎದುರುಬದುರು ಕೂರಿಸಿ ಬಣ್ಣದಲ್ಲಿ ಬರೆಸಿದ. ಯಾವ ಕೈ ಎಲ್ಲಿ ಹಿಡಿಯಬೇಕೆಂಬುದು ಅಲ್ಲಿ ಕಾಣುತ್ತದೆ. ಇಟಲಿಯ ಶಸ್ತ್ರವೈದ್ಯ ತಾಲ್ಯಕೋಟ್ಸಿಯ 1597ರ ಗ್ರಂಥದಲ್ಲಿ ತೋಳಿನ ಚರ್ಮವನ್ನು ಮೂಗಿಗೆ ಅಂಟಿಸಿಕೊಂಡು, ಕೈಯನ್ನು ತಲೆಗೆ ಬಿಗಿದು ಕೂತ ರೋಗಿಯ ಚಿತ್ರವಿದೆ. ವಿಧಾನ ಸ್ಪಷ್ಟ, ನೋವು ಮಾತ್ರ ಮುಖದಲ್ಲಿ ಇಲ್ಲ.

ಕಾವಸ್‌ಜಿಯ ಚಿತ್ರಕ್ಕೆ ಇನ್ನೊಂದು ಬಲವಿತ್ತು. ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಈ ವರದಿಯ ಬೆನ್ನುಹತ್ತಿ ವಿಚಾರಿಸಿ, 1814ರಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿದರು. 1816ರಲ್ಲಿ ಎರಡು ಯಶಸ್ವಿ ಶಸ್ತ್ರಕ್ರಿಯೆಗಳ ವಿವರ ಪ್ರಕಟಿಸಿದರು. ಯುರೋಪಿನಲ್ಲಿ ಈ ಕ್ರಮ 'ಭಾರತೀಯ ವಿಧಾನ' ಎಂದೇ ಹೆಸರಾಯಿತು. ಒಂದು ಮುದ್ರಿತ ಹಾಳೆ ಒಂದು ವಿದ್ಯೆಯನ್ನು ಕಡಲು ದಾಟಿಸಿದ ಉದಾಹರಣೆ ವೈದ್ಯಕೀಯ ಚಿತ್ರಗಳಲ್ಲಿ ಅಪರೂಪ.

ಸುಶ್ರುತ ಸಂಹಿತೆಯ ಸುತ್ತ ಹುಟ್ಟಿದ ಚಿತ್ರಗಳ ಕಥೆ ಬೇರೆ. ಆ ಗ್ರಂಥದಲ್ಲಿ 101 ಯಂತ್ರ (ಮೊಂಡು ಉಪಕರಣ), 20 ಶಸ್ತ್ರಗಳ (ಹರಿತ ಉಪಕರಣ) ಲೆಕ್ಕವಿದೆ. ಹಲವು ಉಪಕರಣಗಳಿಗೆ ಸಿಂಹಮುಖ, ಕಾಕಮುಖ ಎಂಬಂಥ ಹೆಸರುಗಳಿವೆ. ಗಿರೀಂದ್ರನಾಥ ಮುಖೋಪಾಧ್ಯಾಯರು 20ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯಿಂದ ಹೊರತಂದ ಗ್ರಂಥದಲ್ಲಿ ಹಿಂದೂ ಶಸ್ತ್ರೋಪಕರಣಗಳ ಚಿತ್ರಗಳಿವೆ. ಅವು ಬಹುಪಾಲು ಪದಗಳಿಂದ ಊಹಿಸಿದ ರೂಪಗಳು. ಅಗೆದು ತೆಗೆದ ವಸ್ತುಗಳಲ್ಲ. ಅವುಗಳನ್ನು ವಿದ್ವತ್ತಿನ ಊಹೆ ಎಂದು ಓದಿದರೆ ಬೆಲೆಯುಂಟು, ಪುರಾವೆ ಎಂದು ತೋರಿಸಿದರೆ ದಾರಿ ತಪ್ಪಿಸುತ್ತವೆ. ಅಮೆರಿಕದ ಔಷಧ ಕಂಪನಿ ಪಾರ್ಕ್ ಡೇವಿಸ್‌ಗಾಗಿ ರಾಬರ್ಟ್ ಥಾಮ್ ಬರೆದ ಸುಶ್ರುತನ ವರ್ಣಚಿತ್ರ ಇನ್ನೂ ದೂರ ಹೋಯಿತು. ಅಲ್ಲಿ ಸುಶ್ರುತ ಕಿವಿಯ ಹಾಲೆಯನ್ನು ಸರಿಪಡಿಸಲು ಅಣಿಯಾಗಿದ್ದಾನೆ. ಬಟ್ಟೆ, ಕೋಣೆ, ಸುತ್ತ ನಿಂತವರು ಎಲ್ಲವೂ ಕಲಾವಿದನ ಕಲ್ಪನೆ. ಇಂಥ ಕಲ್ಪನೆಯ ಚಿತ್ರಗಳನ್ನೂ ಕಣ್ಣಾರೆ ಕಂಡವರ ವರದಿಯೊಡನೆ ಬಂದ 1794ರ ಕೆತ್ತನೆಯನ್ನೂ ಪಠ್ಯಪುಸ್ತಕಗಳು ಒಂದೇ ತಕ್ಕಡಿಯಲ್ಲಿ ತೂಗಬಾರದು. ಪ್ರತಿ ಚಿತ್ರದ ಕೆಳಗೆ ಅದನ್ನು ಯಾರು, ಯಾವಾಗ, ಏನನ್ನು ನೋಡಿ ಬರೆದರೆಂಬುದನ್ನು ಅಚ್ಚುಮಾಡಬೇಕು.