ಹೊಂಗೆ ಮತ್ತು ಹೊಗೆ

ಅಡಿಕೆ ತೋಟದಲ್ಲಿ ಟಿಲ್ಲರ್ ಹೊಡೆದವರಿಗೆ ಡೀಸೆಲ್ ಹೊಗೆಯ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಬುಕ್ಕಾಂಬುಧಿ ಕಡೆಯ ತೋಟಗಳಲ್ಲಿ ಸೋಗೆ ಮೇಲೆ ಕೂಡಿಕೊಂಡು ಗಾಳಿಯೇ ಆಡುವುದಿಲ್ಲ. ಹಿಡಿಕೆ ಹಿಡಿದು ಎಂಜಿನ್ನಿನ ಹಿಂದೆಯೇ ನಡೆಯುವವನು ಸಂಜೆ ಮೂಗು ಒರೆಸಿಕೊಂಡರೆ ಟವೆಲ್ಲು ಕಪ್ಪು. ಅದೇ ತೋಟದ ಬೇಲಿಯಲ್ಲಿ, ಹೊಲದ ಬದುವಿನಲ್ಲಿ ಹೊಂಗೆ ಮರ ನಿಂತಿರುತ್ತದೆ. ಈ ಮರಕ್ಕೂ ಆ ಹೊಗೆಗೂ ನಂಟು ಕಟ್ಟುವ ಪ್ರಯತ್ನ ಕರ್ನಾಟಕದಲ್ಲಿ ಶುರುವಾಗಿ ಕಾಲು ಶತಮಾನ ದಾಟಿತು. ಅದು ಎಷ್ಟರಮಟ್ಟಿಗೆ ಸರಿ, ಎಲ್ಲಿ ದಾರಿ ತಪ್ಪಿತು ಎಂದು ನೋಡುವ ಹೊತ್ತು ಇದು.

ಮೊದಲು ಕೆಲಸ ನಡೆದದ್ದು ಕಗ್ಗನಹಳ್ಳಿ ಎಂಬ ಊರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು 1990ರ ದಶಕದ ಕೊನೆಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಕೊಳವೆಬಾವಿಯ ನೀರು ಎತ್ತಿಸಿದರು. ಅಜ್ಜಂದಿರು ದೀಪಕ್ಕೆ ಸುರಿಯುತ್ತಿದ್ದ ಎಣ್ಣೆ ಎಂಜಿನ್ನಿಗೂ ಸಲ್ಲುತ್ತದೆ ಎಂದು ಊರಿನವರ ಕಣ್ಣೆದುರೇ ತೋರಿಸಿದ್ದು ದೊಡ್ಡ ಕೆಲಸ. ಆದರೆ ಅದು ಹಸಿ ಎಣ್ಣೆ. ಹಸಿ ಎಣ್ಣೆ ಮಂದ. ನಾಜಲ್ಲಿನಲ್ಲಿ ಮಂಜಿನಂತೆ ಸಿಡಿಯುವುದಿಲ್ಲ, ದಪ್ಪ ಹನಿಯಾಗಿ ಬಿದ್ದು ಅರೆಬರೆ ಉರಿಯುತ್ತದೆ. ಜನರೇಟರ್ ಒಂದೇ ವೇಗದಲ್ಲಿ ಓಡುವುದರಿಂದ, ನೋಡಿಕೊಳ್ಳುವವರಿದ್ದರೆ ಹೇಗೋ ತಡೆಯುತ್ತದೆ. ಆಗಾಗ ನಿಂತು ಹೊರಡುವ ಟಿಲ್ಲರಿಗೆ ಅದನ್ನೇ ಸುರಿದರೆ ಪಿಸ್ಟನ್ ರಿಂಗಿಗೆ ಮಸಿ ಕಟ್ಟುತ್ತದೆ.

ಬಯೋಡೀಸೆಲ್ ಬೇಕಾಗುವುದು ಇಲ್ಲೇ. ಒಂದು ಲೀಟರ್ ಎಣ್ಣೆಗೆ ಸುಮಾರು 200 ಮಿ.ಲೀ. ಮೆಥನಾಲ್, ಕೆಲವೇ ಗ್ರಾಂ ಕಾಸ್ಟಿಕ್ ಸೋಡ, ಹದವಾದ ಬಿಸಿ. ಕಲಕಿ ಗಾಜಿನ ಜಾಡಿಯಲ್ಲಿ ಬಿಟ್ಟರೆ ಎರಡು ಪದರ ಒಡೆಯುತ್ತದೆ: ತಳದಲ್ಲಿ ಜೋನಿಬೆಲ್ಲದಂಥ ಕಂದು ಗ್ಲಿಸರಿನ್, ಮೇಲೆ ಜೇನಿನ ಬಣ್ಣದ ತೆಳು ದ್ರವ. ತೊಳೆದು, ನೀರಿನಂಶ ಹಾರಿಸಿದರೆ ಅದೇ ಇಂಧನ. ಮಳೆಗೆ ನೆನೆದ, ಮುಗ್ಗಿದ ಬೀಜದ ಎಣ್ಣೆಯಾದರೆ ಮಾತ್ರ ಕಷ್ಟ. ಅದರಲ್ಲಿ ಹುಳಿಯಂಶ ಏರಿರುತ್ತದೆ, ಜಾಡಿಯಲ್ಲಿ ಸಾಬೂನು ಕಟ್ಟಿಕೊಳ್ಳುತ್ತದೆ. ಮೆಥನಾಲ್ ವಿಷ, ಬೆಂಕಿಗೂ ಬೇಗ ತುತ್ತಾಗುತ್ತದೆ. ಹಾಗಾಗಿ ಇದನ್ನು ಮನೆಯ ಹಿತ್ತಿಲಲ್ಲಿ ಮಾಡಿಕೊಳ್ಳಿ ಎಂದು ಯಾರಿಗೂ ಹೇಳಲಾರೆ.

ಹೊಗೆ ನಿಜಕ್ಕೂ ಇಳಿಯುತ್ತದೆಯೇ? ಇಳಿಯುತ್ತದೆ. ಬಯೋಡೀಸೆಲ್ಲಿನ ಅಣುವಿನಲ್ಲೇ ಆಮ್ಲಜನಕವಿದೆ, ಉರಿ ಪೂರ್ತಿಯಾಗುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ಕೊಟ್ಟ ಲೆಕ್ಕದಂತೆ, ಡೀಸೆಲ್ಲಿಗೆ ಶೇ. 20 ಬಯೋಡೀಸೆಲ್ ಬೆರೆಸಿದಾಗ ಮಸಿಯ ಕಣ ಸುಮಾರು ಶೇ. 10, ಕಾರ್ಬನ್ ಮಾನಾಕ್ಸೈಡ್ ಶೇ. 11, ಉರಿಯದೆ ಉಳಿದ ಹೈಡ್ರೋಕಾರ್ಬನ್ ಶೇ. 21ರಷ್ಟು ತಗ್ಗಿತು. ನೈಟ್ರೋಜನ್ ಆಕ್ಸೈಡ್ ಮಾತ್ರ ಶೇ. 2ರಷ್ಟು ಏರಿತು, ಬರೀ ಬಯೋಡೀಸೆಲ್ ಆದರೆ ಆ ಏರಿಕೆ ಶೇ. 10. ಅವು ಬಹುತೇಕ ಸೋಯಾ ಎಣ್ಣೆಯ ಪರೀಕ್ಷೆಗಳು, ದೊಡ್ಡ ಲಾರಿ ಎಂಜಿನ್ನಿನವು. ಪ್ರಚಾರದ ಭಾಷಣಗಳಲ್ಲಿ ನೈಟ್ರೋಜನ್ ಆಕ್ಸೈಡ್ ಏರಿಕೆಯ ಅಂಕಿ ಬಿಟ್ಟುಹೋಗುವುದು ನನಗೆ ಸರಿಕಾಣುವುದಿಲ್ಲ. ನೈಟ್ರೋಜನ್ ಆಕ್ಸೈಡೂ ಶ್ವಾಸಕೋಶಕ್ಕೆ ಕೆಟ್ಟದ್ದೇ.

ನನ್ನ ತಕರಾರು ಇರುವುದು ಗುರಿಯ ಬಗ್ಗೆ. 2009ರಲ್ಲಿ ಕರ್ನಾಟಕ ಜೈವಿಕ ಇಂಧನ ನೀತಿ ತಂದಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಲ್ಲಿ ಸಸಿ ನೆಡಿಸಿತು. ಹಾಸನದ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ರೈತರನ್ನು ಜೊತೆಗೆ ಕರೆದುಕೊಂಡು ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ಬದುವಿಗೆ ತಂದಿತು. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ದೇಶದ ನೀತಿ ಬಂಕಿನ ಡೀಸೆಲ್ಲಿನ ಮೇಲೇ ಕಣ್ಣಿಟ್ಟಿತು. 2017ಕ್ಕೆ ಶೇ. 20 ಬೆರಕೆ ಎಂದಿದ್ದದ್ದು 2018ರ ನೀತಿಯಲ್ಲಿ 2030ಕ್ಕೆ ಶೇ. 5ಕ್ಕೆ ಇಳಿಯಿತು. ಬಿಎಸ್-6 ಲಾರಿ, ಬಸ್ಸುಗಳಿಗೆ ಮಸಿ ಸೋಸುವ ಫಿಲ್ಟರ್ ಈಗಾಗಲೇ ಇದೆ. ಅಲ್ಲಿ ಹೊಂಗೆಯಿಂದ ಹೊಗೆ ಇಳಿಯುವುದು ಅತ್ಯಲ್ಪ. ಫಿಲ್ಟರೇ ಇಲ್ಲದ ಹಳೆಯ ಟಿಲ್ಲರ್, ರಾಗಿ ಒಕ್ಕಣೆಗೆ ನಿಂತ ಹಳೆಯ ಟ್ರ್ಯಾಕ್ಟರ್, ಹಳ್ಳಿಯ ಜನರೇಟರ್ ಇವಕ್ಕೆ ಬೆರಸಿದರೆ ಲಾಭ ನೇರ ಉಸಿರಿಗೆ.

ದುಡ್ಡಿನ ಲೆಕ್ಕವೂ ಅಲ್ಲೇ ಕೂಡಿಬರುತ್ತದೆ. ಗಾಣದಲ್ಲಿ ಸುಮಾರು 4 ಕೆ.ಜಿ. ಬೀಜಕ್ಕೆ ಒಂದು ಲೀಟರ್ ಎಣ್ಣೆ. ಬೀಜಕ್ಕೆ ಕೆ.ಜಿ.ಗೆ 30 ರೂಪಾಯಿ ಎಂದಿಟ್ಟುಕೊಂಡರೆ ಬೀಜಕ್ಕೇ 120 ಆಯಿತು. ಬಂಕಿನ ಡೀಸೆಲ್ಲೇ ಅಗ್ಗ. ದೂರದ ಕಾರ್ಖಾನೆಗೆ ಬೀಜ ಹೊತ್ತರೆ ಅಲ್ಲಿಗೇ ಮುಗಿಯಿತು. ಊರಲ್ಲೇ ಗಾಣವಿದ್ದರೆ ಮಿಕ್ಕ 3 ಕೆ.ಜಿ. ಹಿಂಡಿ ಅಡಿಕೆ, ತೆಂಗಿನ ಬುಡಕ್ಕೆ ಹೋಗುತ್ತದೆ, ಗೊಬ್ಬರದ ಖರ್ಚು ಉಳಿಯುತ್ತದೆ. ಅಷ್ಟಾದರೂ ಲಾಭ ತೆಳುವೇ. ಕಾಯಿ ಆರಿಸಿ ಸುಲಿಯುವ ಕೂಲಿಯನ್ನು ಯಾವ ಲೆಕ್ಕದಲ್ಲೂ ಸರಿಯಾಗಿ ಹಿಡಿದದ್ದು ನಾನು ಕಂಡಿಲ್ಲ. ಹೊಂಗೆ ಕಾಯಿ ಚಪ್ಪಟೆ, ಗಟ್ಟಿ. ಕಲ್ಲಿನ ಮೇಲೆ ನಿಲ್ಲಿಸಿ ಕುಟ್ಟಿದರೆ ಸಾಮಾನ್ಯವಾಗಿ ಒಂದೇ ಬೀಜ. ಬೇಸಿಗೆಯ ಉರಿಬಿಸಿಲಲ್ಲಿ ಕೂತು ಅದನ್ನು ಕುಟ್ಟುವವರು ಹೆಚ್ಚಾಗಿ ವಯಸ್ಸಾದ ಹೆಂಗಸರು. ಹೋಬಳಿಗೊಂದು ಕಾಯಿ ಸುಲಿಯುವ ಯಂತ್ರ, ಒಂದು ಗಾಣ, ತರಬೇತಾದವರ ಕೈಯಲ್ಲಿ ಒಂದು ಸಣ್ಣ ಘಟಕ ಬೇಕು. ಸಸಿ ನೆಡುವುದಕ್ಕೆ ತೋರಿದ ಉತ್ಸಾಹದ ಅರ್ಧ ಇದಕ್ಕೆ ಬಂದಿದ್ದರೂ ಬದುವಿನ ಮರದ ಕೆಳಗೆ ಕಾಯಿ ಹೀಗೆ ಹಾಸಿಬಿದ್ದು, ಮುಂಗಾರಿನ ಮೊದಲ ಮಳೆಗೆ ಮುಗ್ಗುತ್ತಿರಲಿಲ್ಲ.